ಸ್ವಂತ ವಾಕ್ಯದಲ್ಲಿ ಹೇಳಿರಿ

(ಶಾಲಾ ಶತಮಾನೋತ್ಸವದ ಅಂಗವಾಗಿ ಜರಗಿದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಈ ಶಾಲೆಯಿಂದ ಹೊರಬಂದು ಹೆಸರು ಮಾಡಿದವರ ಕುರಿತು ನಾಲ್ಕು ಮಾತು ಆಡಬೇಕೆಂದು ಸಮಿತಿಯವರು ನನಗೆ ಸೂಚಿಸಿದ್ದರು. ಅಂಥವರ ಪಟ್ಟಿ ಸಂಚಿಕೆಯ ಕೊನೆಯ ಪುಟಗಳಲ್ಲಿ ಇದ್ದೇ ಇದೆ. ಅದನ್ನು ಓದಿ ಹೇಳುವುದರಲ್ಲಿ ನನಗೆ ಆಸಕ್ತಿಯಿಲ್ಲ. ಅದರ ಬದಲಿಗೆ ಒಬ್ಬ ಹಳೆಯ ವಿದ್ಯಾರ್ಥಿ ರಾತ್ರಿ ಎಂಟೂವರೆಯಿಂದ ಹತ್ತೂವರೆಯ ತನಕ ಮಾಡುವ ಒಂದು ಕೆಲಸದ ಬಗ್ಗೆ ಹೇಳುತ್ತೇನೆ. ತನ್ನ ಹೆಸರನ್ನು ವೇದಿಕೆಯಲ್ಲಿ ಎತ್ತಬಾರದೆಂದು ಅವರು ನನ್ನಿಂದ ಮಾತು ಪಡೆದಿದ್ದಾರೆ. ಡಾಕ್ಟರರೆಂದೇ ಕರೆಯುತ್ತೇನೆ. ಎಂಟನೆಯ ತರಗತಿಯಲ್ಲಿ ನನ್ನ ಮುಂದೆ ಎರಡನೆಯ ಬೆಂಚಿನಲ್ಲಿ ಕುಳಿತ ಹುಡುಗನಾದ್ದರಿಂದ ನನ್ನ ಮಾತಿನಲ್ಲಿ ಕೆಲವೊಮ್ಮೆ 'ಅವರು' ಹೋಗಿ 'ಅವನು' ಬಂದೀತು, ಸಭೆ ಕ್ಷಮಿಸಬೇಕು.

ಹಗಲು ಅವರು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ವೈದ್ಯರು. ರಾತ್ರಿ, ವಿದೇಶದಲ್ಲಿ ವೈದ್ಯಕೀಯ ಓದಿ ಊರಿಗೆ ಮರಳಿದ ಯುವಕ ಯುವತಿಯರಿಗೆ ಪಾಠ ಹೇಳುತ್ತಾರೆ. ಹೊರದೇಶದ ಪದವಿ ಪಡೆದ ಭಾರತೀಯರು ಇಲ್ಲಿ ರೋಗಿಯನ್ನು ಮುಟ್ಟಬೇಕಾದರೆ ಮೊದಲು ಒಂದು ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. 2002ರಿಂದ ನಡೆದು ಬಂದಿರುವ ಈ ಪರೀಕ್ಷೆಯನ್ನು ಎಫ್.ಎಂ.ಜಿ.ಇ. ಎನ್ನುತ್ತಾರೆ. ವರ್ಷಕ್ಕೆ ಎರಡು ಬಾರಿ, ಒಂದೇ ದಿನದಲ್ಲಿ ಎರಡು ಭಾಗವಾಗಿ, ಒಟ್ಟು 300 ಪ್ರಶ್ನೆ. ನಾಲ್ಕು ಉತ್ತರಗಳಲ್ಲಿ ಸರಿಯಾದದ್ದನ್ನು ಆರಿಸಬೇಕು. 150 ಅಂಕ ಬಂದರೆ ತೇರ್ಗಡೆ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಕೇಳಿದರೆ ಸುಲಭವೆನಿಸುತ್ತದೆ. ಆದರೆ ಅನೇಕ ಸಲ ಬರೆದ ನಾಲ್ಕೈದು ಮಂದಿಯಲ್ಲಿ ಒಬ್ಬರು ಮಾತ್ರ ದಾಟುತ್ತಾರೆ. ಉಳಿದವರು ಡಾಕ್ಟರೆಂದು ಊರೆಲ್ಲ ಕರೆಯುವಾಗಲೂ ಡಾಕ್ಟರಲ್ಲ.

ವೈದ್ಯನಿಗೆ ಪರವಾನಗಿ ಬೇಕೆಂಬುದು ಹೊಸ ಮಾತೇನಲ್ಲ. ನಮ್ಮ ಶಾಲೆ ಹುಲ್ಲಿನ ಮಾಡಿನ ಕೆಳಗೆ ಆರಂಭವಾದಾಗ ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಮದ್ರಾಸಿನಲ್ಲಿ 1914ರಲ್ಲಿಯೇ ವೈದ್ಯರ ನೋಂದಣಿಗೆ ಕಾಯಿದೆ ಬಂದಿತ್ತು. ಹಿರಿಯರು ನೆನಪಿಸಿಕೊಳ್ಳುವ 'ಎಲ್.ಎಂ.ಪಿ. ಡಾಕ್ಟರ್' ಎಂಬ ಹೆಸರಿನೊಳಗೇ ಆ ಪರವಾನಗಿಯ ಮಾತು ಅಡಗಿದೆ.

ಇನ್ನು ನನಗೆ ಸುಲಭವಲ್ಲದ ಭಾಗಕ್ಕೆ ಬರುತ್ತೇನೆ. 2013ರ ಬೇಸಗೆಯಲ್ಲಿ ಒಬ್ಬ ಏಜೆಂಟರು ಈ ಶಾಲೆಗೆ ಬಂದರು. ವಿದೇಶದಲ್ಲಿ ಕಡಿಮೆ ಖರ್ಚಿನಲ್ಲಿ ಎಂ.ಬಿ.ಬಿ.ಎಸ್.ಗೆ ಸಮಾನವಾದ ಪದವಿ, ಇಂಗ್ಲಿಷಿನಲ್ಲಿಯೇ ಪಾಠ, ಭಾರತೀಯ ಊಟ ಎಂದೆಲ್ಲ ಹೇಳಿದರು. ಆಗ ಹೊರದೇಶಕ್ಕೆ ಹೋಗಲು ನೀಟ್ ಪರೀಕ್ಷೆಯ ಕಡ್ಡಾಯವೂ ಇರಲಿಲ್ಲ. ಹೆತ್ತವರ ಸಭೆ ಕರೆಯಲು ಅವರು ನಮ್ಮ ಸಭಾಂಗಣವನ್ನು, ನೀವೀಗ ಕುಳಿತಿರುವ ಇದೇ ಸಭಾಂಗಣವನ್ನು, ಕೇಳಿದರು. ಅಂದು ನಾನು ಹಿರಿಯ ಅಧ್ಯಾಪಿಕೆ. ಒಪ್ಪಿಗೆಗೆ ಶಿಫಾರಸು ಮಾಡಿದವಳು ನಾನೇ. ಸ್ವಾಗತ ಭಾಷಣವನ್ನೂ ಮಾಡಿದೆ. ಮರಳಿ ಬಂದ ಮೇಲೆ ಅರ್ಹತಾ ಪರೀಕ್ಷೆಯೊಂದಿದೆ ಎಂಬುದನ್ನು ಆ ಮಹನೀಯರು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಡಾಕ್ಟರರಾಗಬಹುದು ಎಂಬ ಒಂದೇ ಸಂತೋಷದಲ್ಲಿ ಕೇಳಬೇಕಾದ್ದನ್ನು ಕೇಳದೆ ಬಿಟ್ಟೆ.

ಆ ಸಭೆಯಲ್ಲಿ ಮೂರನೆಯ ಸಾಲಿನಲ್ಲಿ ಕುಳಿತಿದ್ದ ಒಬ್ಬ ತಂದೆ ಮರುದಿನ ನನ್ನ ಮನೆಗೆ ಬಂದು, "ಟೀಚರ್, ನೀವು ಹೇಳಿದರೆ ಕಳಿಸುತ್ತೇನೆ" ಎಂದರು. ಕಳಿಸಿ ಎಂದೆ. ಅಡಿಕೆ ತೋಟದ ಮೇಲೆ ಸಾಲ ಎದ್ದಿತು. ಮಗಳು ಮಧ್ಯ ಏಷ್ಯಾದ ಒಂದು ದೇಶಕ್ಕೆ ಹೋದಳು, ಆರು ವರ್ಷ ಓದಿದಳು, ಪದವಿ ಪಡೆದು 2019ರಲ್ಲಿ ಬಂದಳು. ಅದೇ ಡಿಸೆಂಬರಿನಲ್ಲಿ ಪರೀಕ್ಷೆ ಬರೆದಳು: 131 ಅಂಕ. ಮುಂದಿನ ವರ್ಷ ಮತ್ತೆ: 138. ಮೂರನೆಯ ಬಾರಿ 144. ಆರು ಅಂಕಗಳ ಕೊರತೆ. ಮದುವೆಯ ಮನೆಗಳಿಗೆ ಹೋಗುವುದನ್ನು ಅವಳು ನಿಲ್ಲಿಸಿದ್ದಾಳೆ ಎಂಬುದು ನನಗೆ ಅವಳ ತಾಯಿಯಿಂದ ತಿಳಿಯಿತು. ತಂದೆ ನನ್ನನ್ನು ಒಮ್ಮೆಯೂ ದೂರಲಿಲ್ಲ. ದೂರಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಆಗ ನಾನು ಮಂಗಳೂರಿನ ನಮ್ಮ ಡಾಕ್ಟರರಿಗೆ ಫೋನು ಮಾಡಿದೆ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿಯನ್ನು ಮುಚ್ಚಿದ ದಿನಗಳನ್ನು ನೀವಾರೂ ಮರೆತಿರಲಾರಿರಿ. ರಸ್ತೆಗಳಿಗೆ ಮಣ್ಣು ಸುರಿದಿದ್ದರು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ನಮ್ಮ ಕಡೆಯ ಕೆಲವರು ಗಡಿ ದಾಟಲಾಗದೆ ಪ್ರಾಣ ಬಿಟ್ಟ ಸುದ್ದಿಯನ್ನು ದಿನವೂ ಓದುತ್ತಿದ್ದೆವು. ತನ್ನ ರೋಗಿಗಳು ಗಡಿಯ ಈಚೆ, ತಾನು ಆಚೆ ಆದಾಗ ಡಾಕ್ಟರರು ಫೋನಿನಲ್ಲಿಯೇ ಸಲಹೆ ಕೊಡತೊಡಗಿದರು. ವಿದೇಶದಿಂದ ಮರಳಿ ಮನೆಯೊಳಗೆ ಸಿಕ್ಕಿಕೊಂಡಿದ್ದ ಇಬ್ಬರು ಹುಡುಗರಿಗೆ ಪಾಠ ಹೇಳಲು ತೊಡಗಿದ್ದೂ ಆಗಲೇ. ಎರಡು ಹನ್ನೆರಡಾಗಿತ್ತು. ನಮ್ಮ ಹುಡುಗಿ ಹದಿಮೂರನೆಯವಳಾದಳು.

ಟ್ಯೂಷನ್ ಎಂಬ ಮಾತು ನನಗೆ ಮೊದಲಿನಿಂದಲೂ ಹಿಡಿಸದು. ಶಾಲೆಯಲ್ಲಿ ಆಗಬೇಕಾದ್ದು ಆಗದಿದ್ದಾಗ ಹುಟ್ಟಿಕೊಳ್ಳುವ ವ್ಯಾಪಾರ ಅದು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಒಂದು ಸಂಜೆ ಅವಳ ಮನೆಯ ಚಾವಡಿಯಲ್ಲಿ, ಮೊಬೈಲಿಗೆ ಕಾಣದ ಹಾಗೆ ಬದಿಗೆ ಕುಳಿತು, ಈತ ಏನು ಕಲಿಸುತ್ತಾನೆಂದು ಕೇಳಿಸಿಕೊಂಡೆ. ಪರೀಕ್ಷೆಗೆ ಬರುವ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸುತ್ತಾರೆಂದು ಎಣಿಸಿದ್ದೆ. ಅವರು ತೆಗೆದುಕೊಂಡದ್ದು ಒಬ್ಬ ರೋಗಿಯ ಕಥೆ.

ಮಳೆಗಾಲ. ನಲುವತ್ತೈದರ ಗಂಡಸು. ನಾಲ್ಕು ದಿನಗಳಿಂದ ಜ್ವರ, ತಲೆನೋವು. ಕಣ್ಣು ಕೆಂಪಾಗಿದೆ, ಪಿಸಿರಿಲ್ಲ. ಮೀನಖಂಡ ಮುಟ್ಟಿದರೆ ಕಿರುಚುತ್ತಾನೆ. ಯಾವ ರೋಗ? ನಮ್ಮ ಹುಡುಗಿ ಥಟ್ಟನೆ "ಲೆಪ್ಟೊಸ್ಪೈರೋಸಿಸ್" ಎಂದಳು. ಸರಿ ಎಂದರು ಡಾಕ್ಟರರು. "ಈಗ ಅದನ್ನೇ ಆ ಮನುಷ್ಯನ ತಾಯಿಗೆ ಹೇಳು. ಅಜ್ಜಿಗೆ ಇಂಗ್ಲಿಷ್ ಬಾರದು. ಮಗನಿಗೆ ಇದು ಎಲ್ಲಿಂದ ಬಂತು, ಹೇಗೆ ಬಂತು, ಇನ್ನೇನಾಗಬಹುದು ಎಂದು ಅಜ್ಜಿ ಕೇಳುತ್ತಿದ್ದಾರೆ. ಸ್ವಂತ ವಾಕ್ಯದಲ್ಲಿ ಹೇಳು."

ಹುಡುಗಿ "ಇಲಿಜ್ವರ" ಎಂದಳು. ಮುಂದೆ ಮಾತಿಲ್ಲ. ಇಲಿ ಕಚ್ಚಿತೇ? ಇಲಿ ತಿಂದ ಅನ್ನ ಉಂಡನೇ? ಮನುಷ್ಯ ಏನು ಕೆಲಸ ಮಾಡುತ್ತಾನೆಂದು ಕೇಳಿದೆಯಾ? ಕೇಳಿರಲಿಲ್ಲ. ನೀರು ನಿಂತ ಅಡಿಕೆ ತೋಟದ ಕಣಿಯಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವನು. ಇಲಿಯ ಮೂತ್ರ ಸೇರಿದ ಆ ನೀರು ಕಾಲಿನ ಒಡಕಿನಿಂದ, ತರಚು ಗಾಯದಿಂದ ರೋಗಾಣುವನ್ನು ಒಳಗೆ ಬಿಟ್ಟಿದೆ. ತಡವಾದರೆ ಕಣ್ಣು ಹಳದಿಯಾದೀತು, ಮೂತ್ರ ನಿಂತೀತು. ಬೇಗ ಬಂದರೆ ಹಳೆಯ ಪೆನಿಸಿಲಿನ್ ಸಾಕು. ಇವೆಲ್ಲವನ್ನೂ ಅವಳು ಓದಿದ್ದಳು. ಪುಸ್ತಕದ ಬೇರೆ ಬೇರೆ ಪುಟಗಳಲ್ಲಿ ಓದಿದ್ದಳು. ಅವಳ ತಂದೆಯ ತೋಟದ ಕಣಿಗೂ ಆ ಪುಟಗಳಿಗೂ ಸಂಬಂಧವಿದೆಯೆಂದು ಮಾತ್ರ ಹೊಳೆದಿರಲಿಲ್ಲ. ಚಾವಡಿಯ ಕಂಬಕ್ಕೆ ಒರಗಿ ಕೇಳುತ್ತಿದ್ದ ತಂದೆ ಮೆಲ್ಲನೆ ತನ್ನ ಪಾದಗಳನ್ನು ನೋಡಿಕೊಂಡದ್ದನ್ನು ನಾನು ಕಂಡೆ.

ಆರು ವರ್ಷ ಅವಳು ಮಾಡಿದ್ದೇನು? ಪಾಠ ಇಂಗ್ಲಿಷಿನಲ್ಲಿ ನಡೆದದ್ದು ನಿಜ. ಆದರೆ ಆ ಊರಿನ ಆಸ್ಪತ್ರೆಯ ರೋಗಿಗಳು ಮಾತನಾಡುವುದು ಅವರ ಭಾಷೆ ಅಥವಾ ರಷ್ಯನ್. ಇವಳಿಗೆ ಅಂಗಡಿಯಲ್ಲಿ ಸಾಮಾನು ಕೊಳ್ಳುವಷ್ಟು ರಷ್ಯನ್ ಬರುತ್ತಿತ್ತು, ಒಬ್ಬ ಮುದುಕಿಯ ಎದೆನೋವಿನ ಕಥೆ ಕೇಳುವಷ್ಟು ಬರುತ್ತಿರಲಿಲ್ಲ. ಇಪ್ಪತ್ತು ಮಂದಿ ಹಾಸಿಗೆಯ ಕಾಲಬುಡದಲ್ಲಿ ನಿಂತು ನೋಡಿ ಬರುತ್ತಿದ್ದರು. ಆರು ವರ್ಷದಲ್ಲಿ ಒಬ್ಬ ರೋಗಿಯ ಕಥೆಯನ್ನೂ ಮೊದಲಿನಿಂದ ಕೊನೆಯ ತನಕ ಕೇಳಿದವಳಲ್ಲ ಅವಳು. ಅದು ಅವಳ ತಪ್ಪೆಂದು ನಾನು ಹೇಳಲಾರೆ.

'ಸ್ವಂತ ವಾಕ್ಯದಲ್ಲಿ' ಎಂಬ ಮಾತನ್ನು ಕೇಳಿ ನಾನು ನಕ್ಕಿದ್ದೆ. ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಅದು ನಾನು ವರ್ಷಗಟ್ಟಲೆ ಕೊಟ್ಟ ಸೂಚನೆ. ಅದು ಅವರ ತರಗತಿಗೆ ಹೋದ ದಾರಿ ಮಾತ್ರ ಬೇರೆ. ಕಾಸರಗೋಡಿನಲ್ಲಿ ಪ್ರಿ-ಡಿಗ್ರಿ ಮುಗಿಸಿ, ಕೇರಳದ ಒಂದು ಸರಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದಾಗ ನಮ್ಮ ಹುಡುಗನ ತಲೆಯಲ್ಲಿದ್ದ ಹೃದಯಕ್ಕೆ ಹೃತ್ಕರ್ಣ, ಹೃತ್ಕುಕ್ಷಿಗಳಿದ್ದವು. ಸುತ್ತಲಿನ ಭಾಷೆ ಮಲಯಾಳ, ಪಾಠದ ಭಾಷೆ ಇಂಗ್ಲಿಷ್. ಪ್ರಥಮ ವರ್ಷದ ಮೌಖಿಕ ಪರೀಕ್ಷೆಯಲ್ಲಿ ರಕ್ತ ಹೃದಯದೊಳಗೆ ಹೇಗೆ ಸಾಗುತ್ತದೆಂದು ಕೇಳಿದರು. ಉತ್ತರ ಗೊತ್ತಿತ್ತು, ಬಾಯಿಂದ ಒಂದು ವಾಕ್ಯ ಹೊರಡಲಿಲ್ಲ. ಅನುತ್ತೀರ್ಣ. ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಬಂದಿದ್ದ. ಮರಳಿ ಹೋದ ಮೇಲೆ ಒಬ್ಬ ಹಿರಿಯ ಪ್ರಾಧ್ಯಾಪಕರು ತಮ್ಮ ಕೊಠಡಿಗೆ ಕರೆದು, ಬರುವ ಭಾಷೆಯಲ್ಲಿಯೇ ಹೇಳೆಂದರು. ಅರೆ ಮಲಯಾಳ, ಅರೆ ಕನ್ನಡದಲ್ಲಿ, ಕೈಯಲ್ಲಿ ಗಾಳಿಯಲ್ಲಿ ಚಿತ್ರ ಬರೆದು ಹೇಳಿದ. ನಿನಗೆ ವಿಷಯ ಬರುತ್ತದೆ, ಪದಗಳನ್ನು ಮಾತ್ರ ಕಲಿಯಬೇಕು ಎಂದರಂತೆ ಅವರು. ಆರು ತಿಂಗಳಲ್ಲಿ ಪದಗಳು ಬಂದವು.

ಇಪ್ಪತ್ತು ವರ್ಷಗಳ ನಂತರ ತನ್ನ ಮುಂದೆ ಕುಳಿತ ಮಕ್ಕಳಲ್ಲಿ ಅವರು ಕಂಡದ್ದು ಇದರ ತಿರುವುಮುರುವು. ಪದಗಳಿಗೆ ಕೊರತೆಯಿಲ್ಲ, ವಿಷಯ ಒಳಗಿಳಿದಿಲ್ಲ. ಹಾಗಾಗಿ ಮೊದಲ ಎರಡು ತಿಂಗಳು ಪ್ರಶ್ನೆಸಂಗ್ರಹಗಳನ್ನು ಮುಟ್ಟುವಂತಿಲ್ಲ. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಯಾರ ಮನೆಯಲ್ಲಿ ಯಾವುದೋ ಅದರಲ್ಲಿ ರೋಗವನ್ನು ಹೇಳಬೇಕು. ಇಂಗ್ಲಿಷ್ ಹೆಸರು ಬಂದರೆ ಮೊದಲಿನಿಂದ ಶುರು. ಮಾತು ಎಲ್ಲಿ ತಡೆಯಿತೋ ಅಲ್ಲಿಂದ ಓದಬೇಕು. ನೆಲದಲ್ಲಿ ಚಾಪೆ ಹಾಸಿ ಮಲಗಿದ ಹುಡುಗಿ ನಸುಕಿಗೆ ಹೊಟ್ಟೆನೋವೆಂದು ಎದ್ದಳು, ಕಣ್ಣಿನ ರೆಪ್ಪೆ ಜೋತುಬಿದ್ದಿದೆ, ಮೈಯಲ್ಲಿ ಗಾಯವೇ ಕಾಣದು: ಇದನ್ನು ಕೇಳಿದಾಗ ಪುಸ್ತಕ ಓದಿದವರು ಹೊಟ್ಟೆಯ ರೋಗಗಳನ್ನೆಲ್ಲ ಎಣಿಸಿದರಂತೆ. ತೋಟದ ಮನೆಯಲ್ಲಿ ಬೆಳೆದ ಒಬ್ಬ ಹುಡುಗ ಮಾತ್ರ "ಕಟ್ಟುಹಾವು ಇರಬಹುದು, ಸರ್" ಎಂದ. ಕಟ್ಟುಹಾವು ರಾತ್ರಿ ಮಲಗಿದವರನ್ನೇ ಹೆಚ್ಚಾಗಿ ಕಚ್ಚುವುದು. ಗುರುತೂ ಉಳಿಯದಿರಬಹುದು, ನೋವೂ ಆಗದಿರಬಹುದು.

ಕನ್ನಡದ ಅಧ್ಯಾಪಿಕೆಯಾಗಿ ನನಗೆ ಅತ್ಯಂತ ಹಿಡಿಸಿದ್ದು ನೋವಿನ ಪಾಠ. ನಮ್ಮವರು ಬರೀ ನೋವು ಎನ್ನುವುದು ಕಡಿಮೆ. ತಲೆ ಸಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ, ಕಾಲು ಸೆಳೆಯುತ್ತದೆ, ಸೊಂಟ ಹಿಡಿಯುತ್ತದೆ, ಕೈ ಜೋಮು ಕಟ್ಟುತ್ತದೆ. ಎದೆಗೆ ಬಂದರೆ ಹಿಂಡುವುದು ಬೇರೆ, ಉರಿಯುವುದು ಬೇರೆ, ಉಸಿರೆಳೆದಾಗ ಚುಚ್ಚುವುದು ಬೇರೆ. ಹಿಂಡಿದರೆ ಹೃದಯವನ್ನು ನೋಡು, ಉರಿದರೆ ಅನ್ನನಾಳವನ್ನು, ಉಸಿರಿಗೆ ಚುಚ್ಚಿದರೆ ಶ್ವಾಸಕೋಶದ ಹೊದಿಕೆಯನ್ನು ಎಂದು ಅವರು ಕ್ರಿಯಾಪದಗಳ ಮೇಲೆ ಪಾಠ ಕಟ್ಟುತ್ತಾರೆ. ಇದನ್ನೇ ಸೂತ್ರ ಮಾಡಿಕೊಳ್ಳಬೇಡಿ ಎಂಬ ಎಚ್ಚರಿಕೆಯೂ ಜತೆಗಿತ್ತು: ಹೆಂಗಸರಲ್ಲಿ, ಮುದುಕರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತ ಬರೀ ಎದೆಯುರಿಯಂತೆ ಬರಬಹುದು, ನೋವೇ ಇಲ್ಲದೆ ಬರೀ ಬೆವರು, ಸುಸ್ತಿನಂತೆಯೂ ಬರಬಹುದು. ಕ್ರಿಯಾಪದವನ್ನು ಮೂವತ್ತು ವರ್ಷ ಕಲಿಸಿದ ನನಗೆ ಅದರಿಂದ ಇಂಥ ಉಪಯೋಗವಿದೆಯೆಂದು ಗೊತ್ತಿರಲಿಲ್ಲ.

ಎರಡು ತಿಂಗಳ ಮೇಲೆ ಪ್ರಶ್ನೆಗಳ ಅಭ್ಯಾಸ. ಪ್ರತಿಯೊಬ್ಬರಿಗೂ ಒಂದು ತಪ್ಪಿನ ಪುಸ್ತಕ. ಉತ್ತರ ತಪ್ಪಿದರೆ ಸರಿಯುತ್ತರ ಬರೆದರೆ ಸಾಲದು. ಗೊತ್ತಿಲ್ಲದೆ ತಪ್ಪಿದೆನೋ, ಪ್ರಶ್ನೆಯನ್ನು ಸರಿಯಾಗಿ ಓದದೆ ತಪ್ಪಿದೆನೋ, ಸರಿಯಾದದ್ದನ್ನು ಗುರುತಿಸಿ ಮತ್ತೆ ಹೆದರಿ ಬದಲಿಸಿದೆನೋ ಎಂದು ಬರೆಯಬೇಕು. ನಮ್ಮ ಹುಡುಗಿಯ ಪುಸ್ತಕ ತೆರೆದು ನೋಡಿದೆ. ಹೆದರಿ ಬದಲಿಸಿದವುಗಳೇ ಪುಟಗಟ್ಟಲೆ ಇದ್ದವು. 144ರಿಂದ 150ಕ್ಕಿದ್ದ ದೂರ ಬಹುಶಃ ಅಷ್ಟೇ.

ಒಂದು ವಿಷಯದಲ್ಲಿ ನನಗೂ ಡಾಕ್ಟರರಿಗೂ ಒಮ್ಮತವಿಲ್ಲ. ಪರೀಕ್ಷೆ ವಿಪರೀತ ಕಠಿಣವಾಯಿತು, ಈ ಮಕ್ಕಳ ಬದುಕು ಹಾಳಾಗುತ್ತಿದೆ ಎಂದು ನಾನೊಮ್ಮೆ ಹೇಳಿದೆ. ಅವರು ಒಪ್ಪಲಿಲ್ಲ. "ಟೀಚರ್, ಆ ಪರೀಕ್ಷೆ ರೋಗಿಯ ಪರವಾಗಿ ಬಾಗಿಲಲ್ಲಿ ನಿಂತಿದೆ. ನನ್ನ ತಾಯಿಯನ್ನು ನೋಡಲು ಬರುವ ಡಾಕ್ಟರ್ ಅದನ್ನು ದಾಟಿಯೇ ಬರಬೇಕು" ಎಂದರು. ಮೂರು ವರ್ಷ ಪಾಠ ಹೇಳಿದ ಮೇಲೂ ಒಬ್ಬ ಹುಡುಗನಿಗೆ, ಇದು ನಿನಗಲ್ಲ, ಬೇರೆ ಕೆಲಸ ಹುಡುಕು ಎಂದು ಅವರೇ ಹೇಳಿದ್ದುಂಟು. ಹೇಳಿದ ರಾತ್ರಿ ನಿದ್ದೆ ಬರಲಿಲ್ಲವಂತೆ. ಅವರ ಮಾತನ್ನು ಗೌರವಿಸುತ್ತೇನೆ. ಆದರೂ ನಾಲ್ಕರಲ್ಲಿ ಒಂದನ್ನು ಆರಿಸುವ ಪರೀಕ್ಷೆ ಅಜ್ಜಿಗೆ ಉತ್ತರ ಹೇಳಬಲ್ಲವರನ್ನು ಹೇಗೆ ಗುರುತಿಸೀತು ಎಂಬ ನನ್ನ ಸಂಶಯ ಹಾಗೆಯೇ ಉಳಿದಿದೆ.

ರೋಗಿಯ ಮಾತನ್ನು ಕೇಳಿಸಿಕೊಳ್ಳುವುದೆಂದರೇನೆಂದು ನಮ್ಮ ಜಿಲ್ಲೆಗೆ ಬೇರೆ ಉದಾಹರಣೆ ಬೇಕಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ಕಾಲದಲ್ಲಿ, ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಅವರು ತಮ್ಮ ಬಳಿಗೆ ಬರುವ ಮನೆಗಳಲ್ಲಿ ವಿಚಿತ್ರವಾದ ಕಾಯಿಲೆಗಳು ಒಂದೇ ಕಡೆ ಗುಂಪುಗೂಡಿರುವುದನ್ನು ಗಮನಿಸಿ, ಅದನ್ನು ಬರೆದು ತಿಳಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲಿಯೇ ನಿಷೇಧಿಸಿತು. ನಮ್ಮ ಡಾಕ್ಟರರ ತರಗತಿಯಲ್ಲಿ ವಿಷಗಳ ಪಾಠ ಇಲ್ಲಿಂದಲೇ ಆರಂಭವಾಗುತ್ತದೆ.

ಹುಡುಗಿ 2021ರ ಡಿಸೆಂಬರಿನಲ್ಲಿ ನಾಲ್ಕನೆಯ ಬಾರಿ ಬರೆದಳು. 171. ಆ ಸಂಖ್ಯೆಯನ್ನು ಮೊದಲು ನನಗೆ ಹೇಳಿದವರು ಅವಳ ತಂದೆ. ಫೋನಿನಲ್ಲಿ ಸಂಖ್ಯೆ ಹೇಳಿ, ಮುಂದೆ ಮಾತು ಬಾರದೆ ಇಟ್ಟರು. ಒಂದು ವರ್ಷದ ಇಂಟರ್ನ್‌ಶಿಪ್ ಮುಗಿಸಿ ಈಗ ಇದೇ ತಾಲೂಕಿನಲ್ಲಿ ಕೆಲಸದಲ್ಲಿದ್ದಾಳೆ. ಸಾಲ ಇನ್ನೂ ತೀರಿಲ್ಲ. ಇಂದು ಅವಳು ಸಭೆಗೆ ಬಂದಿಲ್ಲ, ಭಾನುವಾರದ ಡ್ಯೂಟಿ ಇದೆ.

ಕೊನೆಯದಾಗಿ ಒಂದು ಪ್ರಕಟಣೆ. ನನ್ನ ಕೋರಿಕೆಯಂತೆ ಡಾಕ್ಟರರು ಬರುವ ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಇದೇ ಸಭಾಂಗಣದಲ್ಲಿ, ಮಕ್ಕಳನ್ನು ವೈದ್ಯಕೀಯ ಓದಿಗೆ ಹೊರದೇಶಕ್ಕೆ ಕಳಿಸಬೇಕೆಂದಿರುವ ಹೆತ್ತವರೊಡನೆ ಮಾತನಾಡಲಿದ್ದಾರೆ. 2021ರ ನವೆಂಬರಿನಲ್ಲಿ ಬಂದ ಹೊಸ ನಿಯಮಗಳಂತೆ ಓದು ಕನಿಷ್ಠ 54 ತಿಂಗಳಿರಬೇಕು, ಇಂಗ್ಲಿಷಿನಲ್ಲಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು, ಆ ದೇಶದ ಪ್ರಜೆಗಳಿಗೆ ಸಮನಾಗಿ ಅಲ್ಲಿಯೇ ವೈದ್ಯವೃತ್ತಿ ನಡೆಸುವ ಅರ್ಹತೆ ಆ ಪದವಿಗೆ ಇರಬೇಕು. ನಿಮ್ಮ ಬಳಿಗೆ ಬಂದ ಏಜೆಂಟರು ಕೊಟ್ಟ ಕಾಗದಗಳಿದ್ದರೆ ಜತೆಗೆ ತನ್ನಿ. ಒಂದೊಂದನ್ನೂ ಓದಿ ನೋಡಲು ಅವರು ಒಪ್ಪಿದ್ದಾರೆ. ಅಲ್ಲಿನ ಆಸ್ಪತ್ರೆಯಲ್ಲಿ ರೋಗಿಗಳು ಯಾವ ಭಾಷೆಯಲ್ಲಿ ಮಾತನಾಡುತ್ತಾರೆಂದು ಮೊದಲೇ ವಿಚಾರಿಸಿಕೊಂಡು ಬನ್ನಿ. ಈ ಸಲವೂ ಸ್ವಾಗತ ಭಾಷಣ ನನ್ನದೇ.